ಎಣಿಕೆ ಕಡಿಮೆ ಬಂದರೆ ಎಲ್ಲಿ ಹುಡುಕಬೇಕು? ಕೊಡಗಿನಲ್ಲಿ ಮ್ಯೂಆನ್ ಎಣಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಎರಡು ಸಿಂಟಿಲೇಟರ್ ಹಲಗೆ (ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್), ಒಂದೊಂದಕ್ಕೂ ಒಂದು ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ (ಆ ಮಿನುಗನ್ನು ವಿದ್ಯುತ್ ಪಲ್ಸ್ ಮಾಡುವ ಸೆನ್ಸರ್), ಎಣಿಸಲು ಒಂದು ಸಣ್ಣ ಬೋರ್ಡ್. ಇಷ್ಟಿದ್ದರೆ ಆಕಾಶದಿಂದ ಬೀಳುವ ಮ್ಯೂಆನ್‌ಗಳನ್ನು, ಅಂದರೆ ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳನ್ನು, ಎಣಿಸಬಹುದು. ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ ಕಡೆಯ ಶಾಲೆ ಕಾಲೇಜುಗಳಲ್ಲಿ ಇಂಥದ್ದನ್ನು ಕಟ್ಟಿ ನಿಲ್ಲಿಸಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಕಟ್ಟುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಕಟ್ಟಿದ ಮೇಲೆ ಎಣಿಕೆ ಸರಿ ಬರದಿದ್ದರೆ ಎಲ್ಲಿಂದ ಹುಡುಕಬೇಕು ಅನ್ನುವುದಷ್ಟೇ ವಿಷಯ.

ಮಕ್ಕಳು ಸಾಮಾನ್ಯವಾಗಿ ಶುರು ಮಾಡುವುದು "ಸರ್, ಸೂರ್ಯನ ನ್ಯೂಟ್ರಿನೊ ಹಿಡಿಯೋಣ" ಅಂತ. ಮೇಜಿನ ಮೇಲಿನ ಹಲಗೆಯಲ್ಲಿ ಅದು ಆಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ನ್ಯೂಟ್ರಿನೊ ಅಂದರೆ ಚಾರ್ಜ್ ಇಲ್ಲದ, ತೀರಾ ಹಗುರವಾದ ಕಣ. ಸೂರ್ಯನಿಂದ ನಮ್ಮ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊ ಬರುತ್ತವೆ. ಹಗಲು ತಲೆ ಮೇಲಿಂದ, ರಾತ್ರಿ ಕಾಲ ಕೆಳಗಿಂದ. ಆದರೆ ಯಾವುದಕ್ಕೂ ತಾಗದೆ ಹೋಗಿಬಿಡುತ್ತವೆ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ರಸಾಯನ ವಿಜ್ಞಾನಿ ರೇ ಡೇವಿಸ್ 3,80,000 ಲೀಟರ್ ಪರ್‌ಕ್ಲೋರೊಎಥಿಲೀನ್ ತುಂಬಿದ ತೊಟ್ಟಿ ಇಟ್ಟರು. ಬಟ್ಟೆಯನ್ನು ಡ್ರೈಕ್ಲೀನ್ ಮಾಡಲು ಬಳಸುವ ದ್ರವವೇ ಅದು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಎರಡು ದಿನಕ್ಕೆ ಒಂದು ಕ್ಲೋರಿನ್ ಪರಮಾಣು ಮಾತ್ರ ನ್ಯೂಟ್ರಿನೊ ತಾಗಿ ಆರ್ಗಾನ್ ಆಗುತ್ತಿತ್ತು. ನಾವು ಎಣಿಸುವ ಮ್ಯೂಆನ್ ಅವರಿಗೆ ಕಾಟ. ಅದರಿಂದ ತಪ್ಪಿಸಿಕೊಳ್ಳಲೆಂದೇ ಅವರು ಗಣಿಗೆ ಇಳಿದದ್ದು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ 2.3 ಕಿಲೋಮೀಟರ್ ಆಳದಲ್ಲಿ ಇದೇ ಕಾರಣಕ್ಕೆ ಉಪಕರಣ ಇಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ದೊಡ್ಡ ಉಪಕರಣ ಇರಲಿ, ಚಿಕ್ಕದಿರಲಿ, ದೋಷ ಹುಡುಕುವ ದಾರಿ ಒಂದೇ. ಹಾಗಾಗಿ ಇಲ್ಲಿ ಅವರ ಕೆಲಸವನ್ನು ಮತ್ತೆ ಮತ್ತೆ ನೆನೆಯುತ್ತೇನೆ.

ಮೊದಲು ಕಾಗದದ ಮೇಲಿನ ಲೆಕ್ಕ

"ಎಣಿಕೆ ಕಡಿಮೆ ಬರ್ತಿದೆ" ಅಂದರೆ ಯಾವುದಕ್ಕಿಂತ ಕಡಿಮೆ? ಇದಕ್ಕೆ ಉತ್ತರ ಇಲ್ಲದೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ನೆಲಕ್ಕೆ ಸಮಾನಾಂತರವಾಗಿ ಮಲಗಿಸಿದ ಹಲಗೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬರುತ್ತದೆ. ಇದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಸ್ವಲ್ಪ ಜಾಸ್ತಿ. 10 ಸೆಂಟಿಮೀಟರ್ ಚೌಕದ ಹಲಗೆ ಆದರೆ ನಿಮಿಷಕ್ಕೆ ನೂರು ಅಂದುಕೊಳ್ಳಿ. ಈಗ ಅಷ್ಟೇ ಗಾತ್ರದ ಇನ್ನೊಂದು ಹಲಗೆಯನ್ನು 10 ಸೆಂಟಿಮೀಟರ್ ಕೆಳಗೆ ಇಟ್ಟು, ಎರಡನ್ನೂ ದಾಟಿದ್ದನ್ನು ಮಾತ್ರ ಎಣಿಸಿದರೆ? ಓರೆಯಾಗಿ ಬರುವವು ಕೆಳಗಿನ ಹಲಗೆಗೆ ಸಿಗದೆ ಪಕ್ಕಕ್ಕೆ ಹೋಗುತ್ತವೆ. ಉಳಿಯುವುದು ಸುಮಾರು ಮೂರನೇ ಒಂದು ಭಾಗ, ಅಂದರೆ ನಿಮಿಷಕ್ಕೆ ಮೂವತ್ತರ ಆಸುಪಾಸು. ನೂರು ಬರಬೇಕಿತ್ತು, ಮೂವತ್ತು ಬಂತು ಅಂತ ಬೋರ್ಡ್ ಬಿಚ್ಚುವವರಿದ್ದಾರೆ. ಅಲ್ಲಿ ಬೋರ್ಡಿನ ತಪ್ಪೇನೂ ಇಲ್ಲ, ಹಲಗೆಗಳ ನಡುವಿನ ಅಂತರವೇ ಕಾರಣ.

ಎಷ್ಟು ಹೊತ್ತು ಎಣಿಸಿದಿರಿ ಅನ್ನುವುದೂ ಮುಖ್ಯ. ಒಂದು ನಿಮಿಷದಲ್ಲಿ 30 ಬಂದರೆ ಅದು ಸುಮ್ನೆ ಐದಾರು ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಎಣಿಕೆಯ ವರ್ಗಮೂಲದಷ್ಟು ಓಲಾಟ ಸಹಜ. ಒಂದು ಗಂಟೆ ಎಣಿಸಿದರೆ 1,800ಕ್ಕೆ ಸುಮಾರು 42 ಆಚೀಚೆ. ಗಂಟೆಯ ಎಣಿಕೆ ಕೈಯಲ್ಲಿಲ್ಲದೆ ದೋಷ ಇದೆ ಅಂತಲೂ ಹೇಳಬೇಡಿ, ಇಲ್ಲ ಅಂತಲೂ ಹೇಳಬೇಡಿ.

ಡೇವಿಸ್ ಜೊತೆ ಈ ಕಾಗದದ ಲೆಕ್ಕ ಮಾಡಿದವರು ಖಭೌತ ವಿಜ್ಞಾನಿ ಜಾನ್ ಬಾಕಾಲ್. ಸೂರ್ಯನ ಒಳಗಿನ ಬಿಸಿ, ಅಲ್ಲಿನ ಒಂದೊಂದು ಪರಮಾಣು ಕ್ರಿಯೆ, ಎಲ್ಲ ಲೆಕ್ಕ ಹಾಕಿ ತೊಟ್ಟಿಯಲ್ಲಿ ಎಷ್ಟು ಆರ್ಗಾನ್ ಆಗಬೇಕು ಅಂತ ಹೇಳಿದರು. 1968ರಲ್ಲಿ ಡೇವಿಸ್ ತಮ್ಮ ಫಲಿತಾಂಶ ಹೊರಗಿಟ್ಟಾಗ ಎಣಿಕೆ ಅದಕ್ಕಿಂತ ತೀರಾ ಕಡಿಮೆ ಇತ್ತು. ವರ್ಷಗಟ್ಟಲೆ ಎಣಿಸಿದ ಮೇಲೆ ಅದು ಸುಮಾರು ಮೂರನೇ ಒಂದು ಭಾಗಕ್ಕೆ ನಿಂತಿತು. ಆ ಕೊರತೆಯ ಬಗ್ಗೆ ಮಾತಾಡಲು ಸಾಧ್ಯವಾದದ್ದೇ ಇನ್ನೊಂದು ಕಡೆ ಗಟ್ಟಿಯಾದ ಲೆಕ್ಕ ಇದ್ದದ್ದರಿಂದ.

ಏನೂ ಎಣಿಸುತ್ತಿಲ್ಲ

ಇದು ಸುಲಭದ ದೋಷ. ಬಯಾಸ್ ವೋಲ್ಟೇಜ್ (ಸೆನ್ಸರ್ ಕೆಲಸ ಮಾಡಲು ಅದಕ್ಕೆ ಕೊಡುವ ವೋಲ್ಟೇಜ್) ಸೆನ್ಸರಿನ ಕಾಲಿನ ಹತ್ತಿರವೇ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿ. ಸಪ್ಲೈ ಹತ್ತಿರ ನೋಡಿದರೆ ಸಾಲದು. ಸೆನ್ಸರ್ ತಿರುಗಾ ಮುರುಗಾ ಕೂತಿರಬಹುದು. ಬೆಸುಗೆ ಬಿಟ್ಟಿರಬಹುದು. ಕಟ್‌ಆಫ್ ಮಿತಿ (ಇದಕ್ಕಿಂತ ಚಿಕ್ಕ ಪಲ್ಸನ್ನು ಬೋರ್ಡ್ ಎಣಿಸುವುದಿಲ್ಲ) ತೀರಾ ಮೇಲೆ ಇರಬಹುದು. ಇಷ್ಟರಲ್ಲಿ ಮುಗಿಯುತ್ತದೆ.

ಎಣಿಸುತ್ತಿದೆ, ಆದರೆ ಕಡಿಮೆ

ನಿಜವಾದ ಕೆಲಸ ಇರುವುದು ಇಲ್ಲಿ. ಹಲಗೆ, ಸೆನ್ಸರ್, ಅವೆರಡರ ನಡುವಿನ ಗ್ರೀಸ್, ಕೇಬಲ್, ಬೋರ್ಡ್, ಪ್ರೋಗ್ರಾಂ, ಯಾವುದರ ಮೇಲೆ ಬೇಕಾದರೂ ಅನುಮಾನ ಪಡಬಹುದು. ಒಂದೊಂದನ್ನೇ ಬದಲಾಯಿಸುತ್ತಾ ಹೋದರೆ ದಿನ ಹೋಗುತ್ತದೆ, ಉತ್ತರ ಸಿಗುವುದಿಲ್ಲ. ಮೊದಲು ಮಾಡಬೇಕಾದದ್ದು ಒಂದೇ. ನಿಮಗೆ ಗೊತ್ತಿರುವ ಒಂದು ಮೂಲವನ್ನು ಹಲಗೆಯ ಮುಂದಿಟ್ಟು, ಉಪಕರಣ ಅದನ್ನು ಕಾಣುತ್ತದಾ ಅಂತ ನೋಡುವುದು.

ಕೊಡಗಿನಲ್ಲಿ ಆ ಮೂಲ ಪ್ರತಿ ಕಾಫಿ ತೋಟದ ಗೋದಾಮಿನಲ್ಲೂ ಇದೆ. ಪೊಟ್ಯಾಶ್ ಗೊಬ್ಬರ. ಪ್ರಕೃತಿಯಲ್ಲಿರುವ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಪೊಟ್ಯಾಸಿಯಂ-40 ಇರುತ್ತದೆ. ಅದು ವಿಕಿರಣಶೀಲ. ಅರ್ಧಾಯುಷ್ಯ 125 ಕೋಟಿ ವರ್ಷ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಕ್ಷಯಿಸುತ್ತವೆ. ತೋಟಕ್ಕೆ ಹಾಕುವ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್) ಗೊಬ್ಬರದಲ್ಲಿ ತೂಕದ ಅರ್ಧದಷ್ಟು ಪೊಟ್ಯಾಸಿಯಂ. ಅಂದರೆ ಒಂದು ಕಿಲೋ ಗೊಬ್ಬರದಲ್ಲಿ ಸೆಕೆಂಡಿಗೆ 15,000ದಷ್ಟು ಕ್ಷಯ, ಅದರಲ್ಲಿ ಹತ್ತಕ್ಕೆ ಒಂದು 1.46 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿಯ ಗಾಮಾ ಕಿರಣ ಕೊಡುತ್ತದೆ. ಹೆದರುವಂಥದ್ದೇನಲ್ಲ, ನಾವು ದಿನವೂ ಮುಟ್ಟುವ ಗೊಬ್ಬರವೇ. ತೋಟದ ಯಜಮಾನರಲ್ಲಿ ಕೇಳಿದರೆ "ಒಂದೇ ಕಿಲೋ ಎಂತಕ್ಕೆ ಮೇಷ್ಟ್ರೇ, ಹೂಕುಂಡಕ್ಕಾ?" ಅಂತ ಕೇಳಿಯಾರು. ವಿಷಯ ಹೇಳಿ, ಖುಷಿಯಿಂದ ಕೊಡುತ್ತಾರೆ.

ಗೊಬ್ಬರವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಅದು ನೀರು ಹೀರಿ ಒಸರುತ್ತದೆ, ಬೋರ್ಡಿಗೆ ತಾಗಿದರೆ ತಾಮ್ರ ತಿನ್ನುತ್ತದೆ. ಮೇಲಿನ ಹಲಗೆಯ ಒಂಟಿ ಎಣಿಕೆಯನ್ನು (ಇನ್ನೊಂದು ಹಲಗೆಯನ್ನು ನೋಡದೆ ಅದೊಂದರದ್ದೇ ಎಣಿಕೆ) ಹತ್ತು ನಿಮಿಷ ಬರೆದುಕೊಳ್ಳಿ. ಆಮೇಲೆ ಚೀಲವನ್ನು ಹಲಗೆಯ ಮೇಲಿಟ್ಟು ಮತ್ತೆ ಹತ್ತು ನಿಮಿಷ. ಒಂಟಿ ಎಣಿಕೆ ಎದ್ದು ಕಾಣುವಷ್ಟು ಏರಬೇಕು. ಎರಡೂ ಹಲಗೆಯ ಜೋಡಿ ಎಣಿಕೆ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇರಬೇಕು, ಯಾಕೆಂದರೆ ಒಂದೇ ಗಾಮಾ ಎರಡೂ ಹಲಗೆಗೆ ತಾಗುವುದು ಅಪರೂಪ.

ಈ ಪರೀಕ್ಷೆಯಲ್ಲಿ ಇನ್ನೂ ಒಂದು ವಿಷಯ ಗೊತ್ತಾಗುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಹಲಗೆಯನ್ನು ನೇರ ದಾಟುವ ಮ್ಯೂಆನ್ ಸುಮಾರು 2 ಎಂಇವಿ ಬಿಟ್ಟು ಹೋಗುತ್ತದೆ. ಪೊಟ್ಯಾಶಿನ ಗಾಮಾ ಬಿಡುವುದು ಹೆಚ್ಚೆಂದರೆ 1.2ರ ಆಸುಪಾಸು. ಗೊಬ್ಬರ ಇಟ್ಟಾಗ ಎಣಿಕೆ ಏರಿದರೆ ನಿಮ್ಮ ಮಿತಿ ಮ್ಯೂಆನ್‌ಗಿಂತ ಚೆನ್ನಾಗಿ ಕೆಳಗಿದೆ, ಮ್ಯೂಆನ್ ತಪ್ಪಿಸಿಕೊಳ್ಳುತ್ತಿಲ್ಲ ಅಂತ ಅರ್ಥ. ಏರದಿದ್ದರೆ ಎರಡರಲ್ಲಿ ಒಂದು. ಮಿತಿ ತೀರಾ ಮೇಲಿದೆ, ಇಲ್ಲವೇ ಹಲಗೆಯ ಬೆಳಕು ಸೆನ್ಸರಿಗೆ ಪೂರ್ತಿ ತಲುಪುತ್ತಿಲ್ಲ. ಮಿತಿಯನ್ನು ಸ್ವಲ್ಪ ಇಳಿಸಿ ಮತ್ತೆ ನೋಡಿ. ತುಂಬಾ ಇಳಿಸಿದ ಮೇಲೆ ಮಾತ್ರ ಗೊಬ್ಬರ ಕಂಡರೆ ಬೆಳಕಿನ ದೋಷ. ಟೇಪ್ ಬಿಚ್ಚಿ, ಗ್ರೀಸಿನಲ್ಲಿ ಗಾಳಿಗುಳ್ಳೆ ಕೂತಿದೆಯಾ, ಸೆನ್ಸರ್ ಹಲಗೆಯಿಂದ ಕೂದಲೆಳೆಯಷ್ಟು ಎದ್ದಿದೆಯಾ ನೋಡಿ.

ಡೇವಿಸ್ ಮಾಡಿದ್ದೂ ಇದನ್ನೇ. ಅಷ್ಟು ದೊಡ್ಡ ತೊಟ್ಟಿಯಿಂದ ಬೆರಳೆಣಿಕೆಯ ಪರಮಾಣು ಹೆಕ್ಕುತ್ತೇನೆ ಅಂದರೆ ಯಾರಾದರೂ ನಂಬುತ್ತಾರಾ? ಅದಕ್ಕೆ ಪ್ರತಿ ಸಲವೂ ಅಳೆದ, ವಿಕಿರಣಶೀಲವಲ್ಲದ ಆರ್ಗಾನನ್ನು ತೊಟ್ಟಿಗೆ ಸೇರಿಸಿ, ಹೀಲಿಯಂ ಹಾಯಿಸಿ ಹೊರತೆಗೆದಾಗ ಎಷ್ಟು ವಾಪಸ್ ಬಂತು ಅಂತ ನೋಡುತ್ತಿದ್ದರು. ಸುಮಾರು 95 ಶೇಕಡಾ ಬರುತ್ತಿತ್ತು. ಒಮ್ಮೆ 500 ವಿಕಿರಣಶೀಲ ಆರ್ಗಾನ್ ಪರಮಾಣುಗಳನ್ನೇ ತೊಟ್ಟಿಗೆ ಹಾಕಿ ಹೊರತೆಗೆದು ತೋರಿಸಿದರು. ಸೋರಿಕೆ ತೊಟ್ಟಿಯಲ್ಲಿ ಇಲ್ಲ ಅಂತ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಕನೆಕ್ಟರ್

ಗೊಬ್ಬರದ ಪರೀಕ್ಷೆ ಒಂದು ಹಲಗೆಯಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಬಂದರೆ ಕೇಬಲ್‌ಗಳನ್ನು ಅದಲು ಬದಲು ಮಾಡಿ. ದೋಷ ಕೇಬಲ್ ಜೊತೆ ಹೋದರೆ ಕೇಬಲ್, ಹಲಗೆಯಲ್ಲೇ ಉಳಿದರೆ ಹಲಗೆ. ಕನೆಕ್ಟರನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಎಣಿಕೆ ನೋಡಿ. ಹೊರಗಿನಿಂದ ಚೆಂದ ಕೂತಂತೆ ಕಂಡರೂ ನಂಬಬೇಡಿ. 2011ರಲ್ಲಿ ಇಟಲಿಯ ಒಪೆರಾ ಪ್ರಯೋಗದವರಿಗೆ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಬಂದಂತೆ ಕಂಡಿತು. ಜಗತ್ತೇ ಬೆರಗಾಯಿತು. ಕೊನೆಗೆ ಸಿಕ್ಕಿದ ಮುಖ್ಯ ಕಾರಣ ಸಮಯದ ಸಿಗ್ನಲ್ ತರುವ ಫೈಬರ್ ಕೇಬಲಿನ ಒಂದು ಕನೆಕ್ಟರ್ ಪೂರ್ತಿ ಕೂರದೆ ಇದ್ದದ್ದು.

ಎಣಿಕೆ ಜಾಸ್ತಿ ಬರುತ್ತಿದೆ

ಜಾಸ್ತಿ ಬಂದರೆ ಖುಷಿಪಡುವವರೇ ಹೆಚ್ಚು. ಆದರೆ ಇದು ಕಡಿಮೆ ಬರುವುದಕ್ಕಿಂತ ಕೆಟ್ಟ ದೋಷ, ಯಾಕೆಂದರೆ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಬೆಳಕು. ಕೋಣೆ ಕತ್ತಲು ಮಾಡಿ, ಟೇಪಿನ ಪ್ರತಿ ಅಂಚಿಗೂ ಟಾರ್ಚ್ ಹಿಡಿಯಿರಿ. ಎಣಿಕೆ ಹಾರಿದ ಜಾಗದಲ್ಲಿ ತೂತಿದೆ.

ಆಮೇಲೆ ಕರೆಂಟಿನ ಗದ್ದಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರ್ ಓಡುತ್ತವೆ. ಒಂದೊಂದು ಮೋಟಾರ್ ಶುರುವಾದಾಗಲೂ ಲೈನಿನಲ್ಲಿ ಒಂದು ಹೊಡೆತ ಬರುತ್ತದೆ. ಆ ಹೊಡೆತ ಎರಡೂ ಚಾನೆಲ್‌ಗೆ ಒಂದೇ ಕ್ಷಣ ತಾಗುವುದರಿಂದ ಬೋರ್ಡ್ ಅದನ್ನು ಮ್ಯೂಆನ್ ಅಂತಲೇ ಬರೆದುಕೊಳ್ಳುತ್ತದೆ. ಪರೀಕ್ಷೆ ಸರಳ. ಬಯಾಸ್ ಮಾತ್ರ ಆಫ್ ಮಾಡಿ, ಉಳಿದದ್ದೆಲ್ಲ ಓಡಲಿ. ಈಗ ಎಣಿಕೆ ಸೊನ್ನೆ ಬರಬೇಕು. ಬರದಿದ್ದರೆ ನೀವು ಎಣಿಸುತ್ತಿದ್ದದ್ದು ಮೋಟಾರನ್ನು. ಪವರ್ ಬ್ಯಾಂಕಿನಲ್ಲಿ ಓಡಿಸಿ ನೋಡಿ. ಕರೆಂಟ್ ಪದೇ ಪದೇ ಹೋಗುವ ಊರಲ್ಲಿ ಅದು ಹೇಗೂ ಒಳ್ಳೆಯದು.

ಮೂರನೆಯದು ಆಕಸ್ಮಿಕ ಜೋಡಿ. ಎರಡು ಹಲಗೆಗೂ ಬೇರೆ ಬೇರೆ ಕಣ ಬಡಿದು, ಸಮಯ ಹತ್ತಿರ ಇದ್ದದ್ದರಿಂದ ಜೋಡಿ ಅನ್ನಿಸಿಕೊಳ್ಳುವುದು. ಒಂದೊಂದು ಹಲಗೆ ಗಾಮಾ ಎಲ್ಲ ಸೇರಿ ಸೆಕೆಂಡಿಗೆ 20 ಎಣಿಸುತ್ತಿದೆ ಅಂದುಕೊಳ್ಳಿ. ಬೋರ್ಡ್ "ಒಟ್ಟಿಗೆ" ಅಂತ ಒಪ್ಪುವ ಸಮಯ ಒಂದು ಮಿಲಿಸೆಕೆಂಡ್ ಇದ್ದರೆ, ಆಕಸ್ಮಿಕ ಜೋಡಿ ಎರಡು ಗುಣಿಸು 20 ಗುಣಿಸು 20 ಗುಣಿಸು 0.001, ಅಂದರೆ ಸೆಕೆಂಡಿಗೆ 0.8, ನಿಮಿಷಕ್ಕೆ 48. ನಿಜವಾದ ಮೂವತ್ತನ್ನು ಅದು ನುಂಗಿಹಾಕುತ್ತದೆ. ಅದೇ ಒಂದು ಮೈಕ್ರೊಸೆಕೆಂಡ್ ಇದ್ದರೆ ಇಪ್ಪತ್ತು ನಿಮಿಷಕ್ಕೆ ಒಂದು ಬರಬಹುದು. ಪ್ರೋಗ್ರಾಂ ಬರೆದ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಆ ಸಂಖ್ಯೆ ಎಷ್ಟಿದೆ ಅಂತ ಕೇಳಿ. ಕೈಯಿಂದ ಪರೀಕ್ಷಿಸಬೇಕಾ? ಹಲಗೆಗಳನ್ನು ಒಂದರ ಮೇಲೊಂದು ಇಡದೆ, ಕೋಣೆಯ ಎರಡು ಮೂಲೆಯಲ್ಲಿಡಿ. ಜೋಡಿ ಎಣಿಕೆ ಹೆಚ್ಚುಕಡಿಮೆ ನಿಂತುಹೋಗಬೇಕು.

ಹಗಲು ಒಂದು, ರಾತ್ರಿ ಒಂದು

"ಸರ್, ಮಧ್ಯಾಹ್ನ ಎಣಿಕೆ ಏರುತ್ತೆ, ಸೂರ್ಯನಿಂದಲೇ ಅಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ. ಸೂರ್ಯನ ನ್ಯೂಟ್ರಿನೊಗೆ ಭೂಮಿ ಅಡ್ಡವೇ ಅಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ, 50,000 ಟನ್ ನೀರಿನ ತೊಟ್ಟಿಯಲ್ಲಿ, ವರ್ಷಾನುಗಟ್ಟಲೆ ಎಣಿಸಿ ನೋಡಿದಾಗ ರಾತ್ರಿಯೇ ಸುಮಾರು 3 ಶೇಕಡಾ ಜಾಸ್ತಿ ಕಂಡಿತು. ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಅಂತ ಮೂರು ಬಗೆ. ಭೂಮಿಯೊಳಗೆ ಹಾದು ಬರುವಾಗ ಆ ಬಗೆ ತುಸು ಬದಲಾಗುವುದರಿಂದ ಹಾಗೆ.

ನಿಮ್ಮ ಹಲಗೆಯಲ್ಲಿ ಹಗಲಿನ ಏರಿಕೆ ಬಂದರೆ ಬೆಳಕು ಸೋರಿದೆ, ಅಥವಾ ಬಿಸಿಯ ಆಟ. ಡಿಸೆಂಬರ್, ಜನವರಿಯಲ್ಲಿ ಮಡಿಕೇರಿಯ ಬೆಳಗಿನ ಚಳಿಗೂ ಹೆಂಚಿನ ಕೆಳಗಿನ ಮಧ್ಯಾಹ್ನಕ್ಕೂ ತುಂಬಾ ವ್ಯತ್ಯಾಸ. ಸೆನ್ಸರ್ ಬಿಸಿಯಾದರೆ ತಾನಾಗಿಯೇ ಹೊಡೆಯುವ ಸುಳ್ಳು ಪಲ್ಸ್ ಹೆಚ್ಚುತ್ತವೆ, ಹತ್ತು ಡಿಗ್ರಿಗೆ ದುಪ್ಪಟ್ಟಿನಷ್ಟು. ಅದೇ ಸಮಯದಲ್ಲಿ ನಿಜವಾದ ಪಲ್ಸಿನ ಎತ್ತರ ಕುಗ್ಗುತ್ತದೆ. ಒಂದು ಅಗ್ಗದ ಥರ್ಮಾಮೀಟರ್ ಸೆನ್ಸರನ್ನು ಪೆಟ್ಟಿಗೆಯೊಳಗೆ ಇಟ್ಟು, ಎಣಿಕೆಯ ಪಕ್ಕದಲ್ಲೇ ಉಷ್ಣಾಂಶವನ್ನೂ ಬರೆಯಿರಿ. ಇಟಲಿಯ ಬೊರೆಕ್ಸಿನೊ ನ್ಯೂಟ್ರಿನೊ ಪ್ರಯೋಗದವರು 2015ರಲ್ಲಿ ತಮ್ಮ ಇಡೀ ತೊಟ್ಟಿಗೆ ದಪ್ಪ ಹೊದಿಕೆ ಸುತ್ತಿದರು. ಕೋಣೆಯ ಬಿಸಿ ಬದಲಾದಾಗ ಒಳಗಿನ ದ್ರವ ಅಲುಗಿ, ಬೇಡದ ಪೊಲೋನಿಯಂ ಒಳಭಾಗಕ್ಕೆ ಬರುತ್ತಿತ್ತು. ಅದು ನಿಂತ ಮೇಲೆಯೇ, 2020ರಲ್ಲಿ, ಸೂರ್ಯನೊಳಗಿನ ಕಾರ್ಬನ್-ನೈಟ್ರೋಜನ್-ಆಕ್ಸಿಜನ್ ಚಕ್ರದ ನ್ಯೂಟ್ರಿನೊ ಅವರಿಗೆ ಸಿಕ್ಕಿದ್ದು.

ಮಳೆ

ಜೋರು ಮಳೆ ಶುರುವಾದಾಗ ಒಂಟಿ ಎಣಿಕೆ ಏರಿ, ಮಳೆ ನಿಂತು ಎರಡು ಮೂರು ಗಂಟೆಯಲ್ಲಿ ಇಳಿದರೆ ಉಪಕರಣ ಸರಿಯಾಗಿಯೇ ಇದೆ. ಗಾಳಿಯಲ್ಲಿದ್ದ ರೇಡಾನ್ ಅನಿಲದಿಂದ ಹುಟ್ಟಿದ ಸೀಸ ಮತ್ತು ಬಿಸ್ಮತ್‌ನ ವಿಕಿರಣಶೀಲ ಕಣಗಳನ್ನು ಮಳೆ ನೆಲಕ್ಕೆ ತರುತ್ತದೆ. ಅವುಗಳ ಅರ್ಧಾಯುಷ್ಯ ಅರ್ಧ ಗಂಟೆಗಿಂತ ಕಡಿಮೆ. ಮಕ್ಕಳಿಗೆ ಇದನ್ನು ಗ್ರಾಫ್ ಹಾಕಿ ತೋರಿಸಿ, ತುಂಬಾ ಚೆಂದದ ವಕ್ರರೇಖೆ ಬರುತ್ತದೆ.

ನಿಜವಾದ ತೊಂದರೆ ತೇವ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಹೊತ್ತಿಗೆ ಗೋಡೆ, ಪುಸ್ತಕ, ಚಪ್ಪಲಿ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ, ಬೋರ್ಡನ್ನು ಬಿಡುತ್ತದಾ? ಬಯಾಸ್ ಇರುವ ತಂತಿಗಳ ನಡುವೆ ತೇವದ ಪದರ ಕೂತು ಕರೆಂಟ್ ಸೋರುತ್ತದೆ. ಸೆನ್ಸರಿಗೆ ತಲುಪುವ ವೋಲ್ಟೇಜ್ ನಿಧಾನಕ್ಕೆ ಇಳಿಯುತ್ತದೆ, ಎಣಿಕೆಯೂ ಅದರ ಜೊತೆಗೆ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯುವ ಎಣಿಕೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯನ್ನು ಬೋರ್ಡಿಗೆ ಸ್ವಲ್ಪ ಹೊತ್ತು ಹಿಡಿದು, ತಣ್ಣಗಾದ ಮೇಲೆ ವೋಲ್ಟೇಜ್ ನೋಡಿ. ಮೊದಲಿನಷ್ಟಕ್ಕೆ ಬಂದರೆ ದೋಷ ಸಿಕ್ಕಿತು. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಮನೆಯ ಕಪಾಟಿನಲ್ಲಿ ಬಟ್ಟೆಗೆ ಬಲ್ಬ್ ಉರಿಸಿಡುತ್ತೇವಲ್ಲ, ಬಿಡಿಭಾಗಗಳನ್ನೂ ಅಲ್ಲೇ ಇಡಬಹುದು. ಓಡುತ್ತಿರುವ ಹಲಗೆಯ ಹತ್ತಿರ ಮಾತ್ರ ಬಲ್ಬ್ ಬೇಡ.

ಗುಡುಗು ಮಳೆಯಲ್ಲಿ ಜೋಡಿ ಎಣಿಕೆ ಕೆಲವು ನಿಮಿಷ ಬದಲಾದರೆ ತಕ್ಷಣ ದೋಷ ಅನ್ನಬೇಡಿ. ಊಟಿಯ ಗ್ರೇಪ್ಸ್-3 ಉಪಕರಣ 2014ರ ಡಿಸೆಂಬರ್ 1ರಂದು ಮ್ಯೂಆನ್ ಎಣಿಕೆ ಇಳಿದದ್ದನ್ನು ಕಂಡು, ಆ ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತು ಅಂತ ಲೆಕ್ಕ ಹಾಕಿತು. ಆದರೆ ನಮ್ಮ ಒಂದು ಚದರ ಅಡಿಯೂ ಇಲ್ಲದ ಹಲಗೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಓಲಾಟದಲ್ಲೇ ಮುಳುಗಿಹೋಗುತ್ತದೆ. ಸಿಡಿಲು ಹತ್ತಿರ ಬಂದಾಗ ಪ್ಲಗ್ ಕೀಳಿ, ಆ ದಿನದ ಎಣಿಕೆ ಹೋದರೆ ಹೋಗಲಿ.

ಎಲ್ಲ ಸರಿ ಇದೆ, ಆದರೂ ಕಡಿಮೆ

ಗೊಬ್ಬರ ಕಾಣುತ್ತಿದೆ, ಕೇಬಲ್ ಸರಿ, ಬೋರ್ಡ್ ಒಣಗಿದೆ, ಗಂಟೆಗಟ್ಟಲೆ ಎಣಿಸಿದ್ದೀರಿ. ಆದರೂ ಲೆಕ್ಕಕ್ಕಿಂತ ಕಡಿಮೆ. ಈಗ ಲೆಕ್ಕದ ಮೇಲೆ ಅನುಮಾನ ಪಡಬಹುದು, ಅದಕ್ಕೂ ಮೊದಲಲ್ಲ. ಮೇಲೆ ಎಷ್ಟು ಕಾಂಕ್ರೀಟ್ ಇದೆ? ಹಲಗೆ ಓರೆಯಾಗಿದೆಯಾ? ಅಂತರವನ್ನು ಹಲಗೆಯ ಮಧ್ಯದಿಂದ ಮಧ್ಯಕ್ಕೆ ಅಳೆದಿರಾ?

ಡೇವಿಸ್ ಈ ಜಾಗದಲ್ಲಿ ದಶಕಗಳ ಕಾಲ ನಿಂತಿದ್ದರು. ತೊಟ್ಟಿ ಸರಿ ಅಂತ ತೋರಿಸಿಯಾಗಿತ್ತು. ಸೂರ್ಯನ ಒಳಗಿನ ಬಿಸಿಯ ಲೆಕ್ಕ ತಪ್ಪಿರಬಹುದೇ? ಸೂರ್ಯನ ಮೈ ನಡುಗುವುದನ್ನು ಅಳೆದವರು 1990ರ ದಶಕದಲ್ಲಿ ಬಾಕಾಲ್ ಅವರ ಸೂರ್ಯನೇ ಸರಿ ಅಂತ ತೋರಿಸಿದರು. ಹಾಗಾದರೆ ಉಳಿದದ್ದು ನ್ಯೂಟ್ರಿನೊ ಒಂದೇ. ಅದು ದಾರಿಯಲ್ಲಿ ಬಗೆ ಬದಲಾಯಿಸಬಹುದು ಅಂತ ಭೌತವಿಜ್ಞಾನಿ ಪಾಂಟೆಕೊರ್ವೊ ಬಹಳ ಹಿಂದೆಯೇ ಹೇಳಿದ್ದರು. ಕ್ಲೋರಿನ್ ತೊಟ್ಟಿಗೆ ಎಲೆಕ್ಟ್ರಾನ್ ಬಗೆಯದ್ದು ಮಾತ್ರ ಕಾಣುತ್ತಿತ್ತು. ಕೆನಡಾದ ಸಡ್‌ಬರಿ ಗಣಿಯಲ್ಲಿ 1,000 ಟನ್ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಇಟ್ಟ ಎಸ್‌ಎನ್‌ಒ ಪ್ರಯೋಗ, ಎಲೆಕ್ಟ್ರಾನ್ ಬಗೆಯನ್ನು ಬೇರೆಯಾಗಿ, ಎಲ್ಲ ಬಗೆಗಳನ್ನು ಒಟ್ಟಾಗಿ, ಎರಡು ರೀತಿ ಎಣಿಸಿತು. 2002ರ ಫಲಿತಾಂಶದಲ್ಲಿ ಒಟ್ಟು ಎಣಿಕೆ ಬಾಕಾಲ್ ಲೆಕ್ಕಕ್ಕೆ ಸರಿಯಾಗಿ ಕೂತಿತು, ಎಲೆಕ್ಟ್ರಾನ್ ಬಗೆ ಅದರ ಮೂರನೇ ಒಂದು ಭಾಗ ಇತ್ತು. ಅದೇ ವರ್ಷ ಡೇವಿಸ್‌ಗೆ ನೊಬೆಲ್ ಬಂತು. ನ್ಯೂಟ್ರಿನೊಗೆ ದ್ರವ್ಯರಾಶಿ ಇದೆ ಅಂತ ತೋರಿಸಿದ್ದಕ್ಕೆ 2015ರಲ್ಲಿ ಕಾಜಿತ ಮತ್ತು ಮೆಕ್‌ಡೊನಾಲ್ಡ್ ಅವರಿಗೆ ಬಂತು.

ಎರಡು ರೀತಿ ಎಣಿಸುವ ಆ ಉಪಾಯವನ್ನು ನೀವೂ ಮಾಡಬಹುದು. ಒಂಟಿ ಎಣಿಕೆ ಮತ್ತು ಜೋಡಿ ಎಣಿಕೆ, ಎರಡನ್ನೂ ಯಾವಾಗಲೂ ಬರೆದಿಡಿ. ಜೋಡಿ ಮಾತ್ರ ಇಳಿದರೆ ದೋಷ ಸಮಯದ ಮಿತಿಯಲ್ಲೋ ಹಲಗೆ ಇಟ್ಟ ರೀತಿಯಲ್ಲೋ ಇದೆ. ಎರಡೂ ಒಟ್ಟಿಗೆ ಇಳಿದರೆ ವೋಲ್ಟೇಜ್ ನೋಡಿ.

ಗೊತ್ತಿರುವ ಮೂಲ ಇಟ್ಟ ಮೇಲೂ ಕೊರತೆ ಉಳಿಯುವುದುಂಟು. ಗ್ಯಾಲಿಯಂ ಬಳಸಿ ಸೂರ್ಯನ ನ್ಯೂಟ್ರಿನೊ ಹಿಡಿದವರು ತಮ್ಮ ತೊಟ್ಟಿಯನ್ನು ಪರೀಕ್ಷಿಸಲು ತೀವ್ರವಾದ ಕ್ರೋಮಿಯಂ-51 ಮೂಲ ತಂದಿಟ್ಟರು. ಅಂಥ ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಎಣಿಕೆ ಕೊಂಚ ಕಡಿಮೆಯೇ ಬಂತು. ರಷ್ಯಾದ ಬಕ್ಸಾನಿನಲ್ಲಿ ಇನ್ನೂ ಎಚ್ಚರದಿಂದ ಮಾಡಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಸುಮಾರು 20 ಶೇಕಡಾ ಕೊರತೆ ಕಂಡಿತು. ಎಲ್ಲರೂ ಒಪ್ಪುವ ಕಾರಣ ಇನ್ನೂ ಸಿಕ್ಕಿಲ್ಲ. ಹಾಗಾಗಿ ನಿಮ್ಮ ಹಲಗೆಯಲ್ಲಿ ಕಾರಣ ಸಿಗದ ಕೊರತೆ ಉಳಿದರೆ ಮಿತಿಯನ್ನು ತಿರುಗಿಸಿ ಬೇಕಾದ ಸಂಖ್ಯೆ ಬರಿಸಬೇಡಿ. ಬಂದದ್ದನ್ನು ಬಂದ ಹಾಗೆ ದಿನಾಂಕ, ಉಷ್ಣಾಂಶ, ಬಯಾಸ್ ವೋಲ್ಟೇಜ್ ಸಮೇತ ಪುಸ್ತಕದಲ್ಲಿ ಬರೆದು, ಹಲಗೆಗಳನ್ನು ಮೇಲೆ ಕೆಳಗೆ ಬದಲಿಸಿ ಮುಂದಿನ ಗಂಟೆಯ ಎಣಿಕೆ ಶುರು ಮಾಡಿ.